ಹಡಗಿಗಿಂತ ಮೊದಲಿನ ಗೆಣಸು

ಹೋದ ಶನಿವಾರ ವೆಲ್ಲಿಂಗ್ಟನ್ ಪಕ್ಕದ ಲೋವರ್ ಹಟ್‌ನ ಸೂಪರ್‌ಮಾರ್ಕೆಟ್ಟಿನಲ್ಲಿ ನಾನು ಒಂದು ಗೆಣಸನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೆಂದರೆ, ತರಕಾರಿ ಜೋಡಿಸುತ್ತಿದ್ದ ಹುಡುಗಿ ಬಂದು ಏನಾದರೂ ಸಹಾಯ ಬೇಕೇ ಎಂದು ಕೇಳಿದಳು. ಬೇಕಿತ್ತು, ಆದರೆ ಅವಳ ಕೈಯಲ್ಲಿ ಆಗುವಂಥದ್ದಲ್ಲ. ಗೆಣಸೇನೋ ಚೆನ್ನಾಗಿಯೇ ಇತ್ತು. ಕೆಂಪು ಸಿಪ್ಪೆ, ನನ್ನ ಮುಂಗೈಯಷ್ಟು ದಪ್ಪ, ತೊಳೆದು ಒರೆಸಿದ ಹಾಗೆ ಸ್ವಚ್ಛ. ಇಲ್ಲಿಯವರು ಇದನ್ನು ಕೂಮರ ಎನ್ನುತ್ತಾರೆ. ಬುಧವಾರ ನಮ್ಮ ಅತ್ತೆಯವರ ತಿಥಿ ಇತ್ತು. ತಿಥಿಯ ಅಡುಗೆಗೆ ಗೆಣಸು ಬೇಕೇ ಬೇಕು. ಆದರೆ ಈ ಗೆಣಸನ್ನು ಅತ್ತೆ ಒಪ್ಪುವುದಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡವರ ಒಪ್ಪಿಗೆಗಾಗಿ ಐವತ್ತು ದಾಟಿದ ಹೆಂಗಸೊಬ್ಬಳು ತರಕಾರಿಯ ಮುಂದೆ ಕಾಯುತ್ತಿದ್ದಾಳೆಂದು ಆ ಹುಡುಗಿಗೆ ಹೇಗೆ ಹೇಳಲಿ? ಸುಮ್ಮನೆ ನೋಡುತ್ತಿದ್ದೇನೆ ಎಂದೆ.

ಗೆಣಸಿಗೂ ಒಂದು ಕುಲಗೋತ್ರವೇ ಎಂದು ನೀವು ನಗಬಹುದು. ನಾನೂ ನಕ್ಕವಳೇ. ಹಟ್‌ನ ಒಂದು ಲ್ಯಾಬಿನಲ್ಲಿ ಮಣ್ಣಿನ ಪರೀಕ್ಷೆ ಮಾಡುವ ಕೆಲಸ ನನ್ನದು. ಮಣ್ಣಿಗೆ ಮಡಿ ಮೈಲಿಗೆ ಇಲ್ಲವೆಂದು ಸಂಬಳ ತೆಗೆದುಕೊಂಡು ನಂಬಿದವಳು. ಆದರೂ ಶನಿವಾರ ಆ ಗೆಣಸನ್ನು ಬುಟ್ಟಿಗೆ ಹಾಕಿಕೊಳ್ಳಲು ಕೈ ಬರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಹನ್ನೊಂದು ವರ್ಷ ಹಿಂದೆ ಹೋದರೆ ಅತ್ತೆ ಸಿಗುತ್ತಾರೆ, ಐನೂರು ವರ್ಷ ಹಿಂದೆ ಹೋದರೆ ಹಡಗುಗಳು ಸಿಗುತ್ತವೆ. ಮೊದಲು ಅತ್ತೆಯ ಹತ್ತಿರ ಹೋಗೋಣ, ಕಾಯಿಸಿದರೆ ಅವರಿಗೆ ಆಗುವುದಿಲ್ಲ.

ಮಾವನವರು ಹೋಗಿ ವರ್ಷ ತುಂಬಿದ ಮೇಲೆ ಅತ್ತೆ ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದರು. ಗಿಡ್ಡ ಆಳು, ಮುಖದ ತುಂಬ ಸಣ್ಣಂದಿನಲ್ಲಿ ಬಂದ ಸಿಡುಬಿನ ಕಲೆ, ಇಳಕಲ್ ಸೀರೆಯ ಮೇಲೆ ಮಗನ ಹಳೆಯ ಸ್ವೆಟರು. ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನು ತಪಾಸಣೆ ಮಾಡುವವರು ಅವರ ಪೆಟ್ಟಿಗೆಯಲ್ಲಿದ್ದ ಬ್ಯಾಡಗಿ ಮೆಣಸಿನಕಾಯಿಯ ಗಂಟನ್ನು ಬಿಚ್ಚಿಸಿದರಂತೆ. ಬಿಚ್ಚಿದವನು ಏಳೆಂಟು ಸಲ ಸೀನಿ, ಕಣ್ಣೊರೆಸಿಕೊಂಡು, ಮತ್ತೆ ತಾನೇ ಗಂಟು ಕಟ್ಟಿ ಕೈಗೆ ಕೊಟ್ಟನಂತೆ. ಅವನಿಗೆ ಮರ್ಯಾದೆ ಗೊತ್ತು ಎಂದು ಅತ್ತೆ ಬಹಳ ದಿನ ಹೊಗಳುತ್ತಿದ್ದರು. ಆ ಗಂಟು ಮುಗಿದ ಮೇಲೆ ಹಣ್ಣುಮೆಣಸಿನಕಾಯಿ ಎಲ್ಲಿ ಸಿಗುತ್ತದೆಂದು ಹುಡುಕಿ, ಉಪ್ಪು, ಮೆಂತ್ಯ, ಇಂಗು, ನಿಂಬೆರಸ ಹಾಕಿ ರಂಜಕ ರುಬ್ಬುವುದಕ್ಕೆ ನಿಂತರು. ನಮ್ಮ ಕಡೆಯ ಈ ಕೆಂಪು ಚಟ್ನಿ ಇಲ್ಲದೆ ಅತ್ತೆಗೆ ಊಟ ಊಟವೇ ಅಲ್ಲ. ಮಾವನವರದು ಅದಕ್ಕಿಂತ ಒಂದು ಕೈ ಮೇಲು. ರಂಜಕ, ಶೇಂಗಾ ಚಟ್ನಿ, ಬಟಾಟಿ ಪಲ್ಯ, ಇಷ್ಟು ಇದ್ದರೆ ಅವರು ಬೇರೇನನ್ನೂ ಕೇಳುತ್ತಿರಲಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಮಾವನವರ ಮೊದಲ ತಿಥಿ ಬಂದಾಗ ನನಗೆ ಆಶ್ಚರ್ಯವಾಯಿತು. ನನ್ನ ತವರಿನಲ್ಲಿ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಅತ್ತೆ ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ. ಮೆಣಸಿನಕಾಯಿ ಇಲ್ಲ, ಖಾರಕ್ಕೆ ಕರಿಮೆಣಸು. ಬಟಾಟಿ ಇಲ್ಲ, ಟೊಮೆಟೊ ಇಲ್ಲ, ಬೀನ್ಸ್ ಇಲ್ಲ, ಕೋಸು ಇಲ್ಲ, ಶೇಂಗಾ ಇಲ್ಲ. ಬಾಳೆಕಾಯಿ, ಹಾಗಲಕಾಯಿ, ಕೆಸುವಿನ ಗಡ್ಡೆ, ಗೆಣಸು, ಉದ್ದು, ಎಳ್ಳು, ಇವು ಇರಬೇಕು. ಬರೆದುಕೊಂಡ ಕಾಗದ ನೋಡಿದರೆ ಮಾವನವರು ಇಷ್ಟಪಡುತ್ತಿದ್ದುದೆಲ್ಲ ಇಲ್ಲದ ಕಡೆಗಿತ್ತು. ಖಾರ ಇಲ್ಲದೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ, ಅವರದೇ ತಿಥಿಗೆ ಅವರಿಗೆ ಸೇರುವುದನ್ನು ಒಂದಾದರೂ ಮಾಡಬಾರದೇ ಎಂದು ಕೇಳಿದೆ. ಸೊಸೆಯಾಗಿ ಬಂದು ಹದಿನೈದು ವರ್ಷವಾದ ಮೇಲೆ ಇಷ್ಟು ಕೇಳುವ ಧೈರ್ಯ ಬಂದಿತ್ತು.

"ಅವರೊಬ್ಬರ ಬರ್ತಾರೇನು?" ಎಂದರು ಅತ್ತೆ. "ಅವರಪ್ಪ, ಅವರಜ್ಜ, ಮೂರೂ ಮಂದಿ ಸಾಲಾಗಿ ಕೂಡ್ತಾರ. ಎಲ್ಲಾರಕಿಂತ ಹಿರಿಯರು ಇರ್ತಾರಲ್ಲ, ಅವರಿಗೆ ಎಲಿ ಮ್ಯಾಲಿಂದು ಗುರ್ತು ಹತ್ತಬೇಕವಾ. ಅಡಿಗಿ ಅವರ ಸಲುವಾಗಿ."

ನನಗೆ ಆ ಮಾತು ಪೂರ್ತಿ ಅರ್ಥವಾಗಲು ಬಹಳ ದಿನ ಬೇಕಾಯಿತು. ಇವತ್ತು ಪಂಕ್ತಿಯ ತುದಿಯಲ್ಲಿ ಕುಳಿತ ಮುತ್ತಜ್ಜ ಒಂದು ಕಾಲಕ್ಕೆ ತಾನೇ ನಿಂತು ತನ್ನ ಮುತ್ತಜ್ಜನಿಗೆ ಗುರುತು ಹತ್ತುವ ಅಡುಗೆ ಮಾಡಿಸಿದವನು. ಆ ಮುತ್ತಜ್ಜ ಇನ್ನೊಬ್ಬನಿಗೆ. ಹೀಗೆ ಹಿಂದೆ ಹಿಂದೆ ಹೋಗಿ ಆ ಎಲೆ ಎಲ್ಲೋ ಒಂದು ಕಡೆ ಗಟ್ಟಿಯಾಗಿ ನಿಂತುಬಿಟ್ಟಿದೆ. ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ನಾವು ಏನೇ ತಿನ್ನಲಿ, ಒಂದು ದಿನ ಮಾತ್ರ ಮೆಣಸಿನಕಾಯಿಯನ್ನೇ ಕಾಣದವರ ಊಟ ಉಣ್ಣುತ್ತೇವೆ. ಮರುದಿನ ಅತ್ತೆ ತಪ್ಪದೆ ಜೋಳದ ರೊಟ್ಟಿ ಬಡಿದು, ಹೊಸದಾಗಿ ರಂಜಕ ರುಬ್ಬಿ, "ನಿನ್ನೆ ಹಿರಿಯರದಾತು, ಇವತ್ತು ಅವರದು" ಎನ್ನುತ್ತ ಮಾವನವರ ಹೆಸರಿನಲ್ಲಿ ಮೊದಲ ತುತ್ತು ತೆಗೆದಿಟ್ಟು ತಾವು ಉಣ್ಣುತ್ತಿದ್ದರು. ಎರಡೂ ಕಡೆ ನ್ಯಾಯ.

ಆದರೆ ಆ ಕಟ್ಟುನಿಟ್ಟಿನ ಪಟ್ಟಿಯಲ್ಲೂ ಮಾವನವರಿಗೆ ಪ್ರಿಯವಾದದ್ದು ಒಂದು ಉಳಿದುಕೊಂಡಿತ್ತು. ಅದೇ ಗೆಣಸು. ಹುಬ್ಬಳ್ಳಿಯ ಮನೆಯಲ್ಲಿ ಚಳಿಗಾಲದ ಬೆಳಿಗ್ಗೆ ನೀರು ಕಾಯಿಸಲು ಬಚ್ಚಲ ಒಲೆ ಹೊತ್ತಿಸುವುದು ಮಾವನವರ ಕೆಲಸ. ಬೂದಿಯಲ್ಲಿ ನಾಲ್ಕು ಗೆಣಸು ಹೂತಿಟ್ಟು, ಸುಟ್ಟ ಮೇಲೆ ಸಿಪ್ಪೆ ಸುಲಿದು, ಮನೆಯ ಹಿರಿಯರು ಏಳುವ ಮೊದಲು ಹೊಸ ಹೆಂಡತಿಯನ್ನು ಬಚ್ಚಲಿಗೆ ಕರೆದು ಅರ್ಧ ಕೊಡುತ್ತಿದ್ದರಂತೆ. ಗಂಡ ಹೆಂಡತಿ ಹಗಲಿನಲ್ಲಿ ಎದುರುಬದುರು ಮಾತಾಡದ ಮನೆ ಅದು. ತಿಥಿಯ ಪಟ್ಟಿಯಲ್ಲಿ ಗೆಣಸಿದೆಯೆಂದು ಹೇಳುವಾಗ ಅತ್ತೆಯ ದನಿ ಬೇರೆಯಾಗುತ್ತಿತ್ತು. ಮೇಲಿನವರೆಲ್ಲರ ನಡುವೆ ತಮ್ಮ ಗಂಡನಿಗೆ ಗುಟ್ಟಾಗಿ ಏನನ್ನೋ ದಾಟಿಸಿದ ತೃಪ್ತಿ ಅದು. ಗೆಣಸನ್ನು ಹೋಳು ಮಾಡಿ ಬೇಯಿಸಿ, ಕರಿಮೆಣಸಿನ ಪುಡಿ ಮತ್ತು ಕಾಯಿತುರಿ ಹಾಕಿ ಪಲ್ಯ ಮಾಡಿ, ಎಲೆಯ ಮೇಲೆ ಬಡಿಸುವಾಗ ಅದನ್ನು ಮಾತ್ರ ಎರಡು ಸಲ ಬಡಿಸಿಸುತ್ತಿದ್ದರು.

ಹೀಗೆ ಮೂರು ವರ್ಷ ನಡೆಯಿತು. ನಾಲ್ಕನೆಯ ವರ್ಷ ನನ್ನ ಮಗಳು ಗೌರಿ ಶಾಲೆಯಿಂದ ಒಂದು ಪ್ರಾಜೆಕ್ಟ್ ತಂದಳು. ಅವಳಿಗಾಗ ಹನ್ನೆರಡು ವರ್ಷ. ಯುರೋಪಿನಿಂದ ಮೊದಮೊದಲು ಅಮೆರಿಕಾ ಖಂಡಗಳಿಗೆ ಹೋದ ಹಡಗುಗಳು ಅಲ್ಲಿ ಏನೇನು ಬದಲಾಯಿಸಿದವು, ಅದು ಇವತ್ತಿಗೂ ಎಲ್ಲೆಲ್ಲಿ ಕಾಣುತ್ತದೆ ಎನ್ನುವುದು ವಿಷಯ. ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿ ಭೂಪಟ ಬರೆದಳು. ಅಮೆರಿಕಾದಿಂದ ಹೊರಟ ಬಾಣಗಳೆಲ್ಲ ನೀಲಿ, ಅಲ್ಲಿಗೆ ಹೋದವೆಲ್ಲ ಕೆಂಪು. ಮೇಜಿನ ಆ ತುದಿಯಲ್ಲಿ ನಾನು ಚಪಾತಿ ಲಟ್ಟಿಸುತ್ತಿದ್ದೆ. ಅಜ್ಜಿ ಕನ್ನಡದಲ್ಲಿ ಕೇಳುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ಹಿಟ್ಟಿನ ಕೈಯಲ್ಲಿ ನಾನು ನಡುವೆ ಸೇತುವೆಯಾಗುವುದು ನಮ್ಮ ಮನೆಯ ನಿತ್ಯದ ವ್ಯವಸ್ಥೆ.

ಇಂಡಿಯಾವನ್ನು ಹುಡುಕುತ್ತ ಹೊರಟ ನಾವಿಕ ದಾರಿ ತಪ್ಪಿ ಇನ್ನೆಲ್ಲಿಗೋ ಮುಟ್ಟಿ, ಅಲ್ಲಿ ಚಿನ್ನ ಹುಡುಕಿ, ಅಲ್ಲಿಯ ಜನರನ್ನು ಹಿಡಿದು ಕೆಲಸಕ್ಕೆ ಹಚ್ಚಿದನೆಂದು ಗೌರಿ ಹೇಳಿದಳು. "ನಮ್ಮನಿ ಹುಡುಕ್ಕೋತ ಬಂದು ಬಾಜೂದವರ ಮನಿ ಕೊಳ್ಳೆ ಹೊಡದನೇನು?" ಎಂದು ಅತ್ತೆ ಕೇಳಿದರು. ಇಡೀ ಪಾಠವನ್ನು ಇಷ್ಟು ಚಿಕ್ಕದಾಗಿ ಹೇಳಿದ್ದಕ್ಕೆ ಗೌರಿ ಪೆನ್ಸಿಲು ಕೆಳಗಿಟ್ಟು ಅಜ್ಜಿಯನ್ನೇ ನೋಡಿದಳು.

ಆಮೇಲೆ ನೀಲಿ ಬಾಣಗಳ ಪಟ್ಟಿ ಬಂತು. ಮೊದಲನೆಯದೇ ಮೆಣಸಿನಕಾಯಿ. ಅತ್ತೆ ನಂಬಲಿಲ್ಲ. ಬ್ಯಾಡಗಿ ಎಲ್ಲಿ, ಅಮೆರಿಕಾ ಎಲ್ಲಿ? ಗೌರಿ ಪುಸ್ತಕ ತೋರಿಸಿದಳು. ಮೆಣಸಿನಕಾಯಿ, ಬಟಾಟಿ, ಟೊಮೆಟೊ, ಬೀನ್ಸ್, ಶೇಂಗಾ. ಐದು ಹೆಸರು ಆಗುವಷ್ಟರಲ್ಲಿ ಅತ್ತೆಯ ಮುಖ ಅರಳಿತು. ತಾವು ಬಾಯಿಪಾಠ ಮಾಡಿಕೊಂಡು ಬಂದ ತಿಥಿಗೆ ಬಾರದ ತರಕಾರಿಗಳ ಪಟ್ಟಿಯೇ, ಕೋಸೊಂದನ್ನು ಬಿಟ್ಟರೆ, ಇಂಗ್ಲಿಷ್ ಪುಸ್ತಕದಲ್ಲಿ ಅಚ್ಚಾಗಿತ್ತು. ತಮಗೆ ಯಾರೂ ಕಾರಣ ಹೇಳಿರಲಿಲ್ಲ, ಅವರ ಅತ್ತೆ ಬೇಡ ಎಂದದ್ದಕ್ಕೆ ಇವರು ಬೇಡ ಎಂದದ್ದು. ಈಗ ಕಾರಣ ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಹಿರಿಯರಿಗೆ ಅವು ಗುರುತಿಲ್ಲ, ಯಾಕೆಂದರೆ ಅವರು ಇರುವಾಗ ಅವು ಬಂದೇ ಇರಲಿಲ್ಲ. ಗೋಡಂಬಿಯ ಹೆಸರು ಬಂದಾಗ ಸ್ವಲ್ಪ ಪೆಚ್ಚಾದರೂ, ಅದನ್ನು ಇನ್ನು ಪಾಯಸಕ್ಕೆ ಹಾಕುವುದು ಬೇಡ, ದ್ರಾಕ್ಷಿ ಸಾಕು ಎಂದು ಅಲ್ಲೇ ತೀರ್ಪು ಕೊಟ್ಟರು. ನನಗೂ ಖುಷಿಯಾಯಿತು. ಅಜ್ಜಿ ಮೊಮ್ಮಗಳು ಒಂದೇ ಹಾಳೆಯ ಮೇಲೆ ಬಗ್ಗಿ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಗ ಗೌರಿಯ ಬೆರಳು ಪಟ್ಟಿಯ ಕೊನೆಗೆ ಬಂತು. ಅಲ್ಲಿ ಗೆಣಸು ಇತ್ತು.

ನಾನು ಅನುವಾದ ಮಾಡದೆ ನುಂಗಿಕೊಳ್ಳಬಹುದಿತ್ತು. ಆದರೆ ಕೂಮರ ಎನ್ನುವ ಶಬ್ದ ಅತ್ತೆಗೆ ಗೊತ್ತಿತ್ತು. ಅವರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಮೂರು ವರ್ಷ ಮಾತ್ರವಲ್ಲ, ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಮಾವಂದಿರಿಗೂ ಅಜ್ಜಂದಿರಿಗೂ ಅವರು ಗೆಣಸು ಬಡಿಸಿದ್ದರು. ಏನೂ ತಿಳಿಯದ ಗೌರಿ ಕೆಂಪು ಬಾಣಗಳಿಗೆ ಹೋದಳು. ಕುದುರೆ, ದನ, ಗೋಧಿ, ಕಬ್ಬು. ಕೊನೆಗೆ ರೋಗಗಳು, ಅದರಲ್ಲೂ ಸಿಡುಬು. ಆ ಖಂಡದ ಜನ ಅದನ್ನು ಎಂದೂ ಕಂಡವರಲ್ಲ, ಹಡಗು ಮುಟ್ಟದ ಊರಿಗೂ ರೋಗ ಮೊದಲೇ ಮುಟ್ಟಿತು, ಕೆಲವು ಊರುಗಳಲ್ಲಿ ಒಬ್ಬರೂ ಉಳಿಯಲಿಲ್ಲ ಎಂದು ಅವಳು ಓದಿ ಹೇಳಿದಳು. ಅತ್ತೆಯ ಕೈ ತಾನಾಗಿ ತಮ್ಮ ಕೆನ್ನೆಗೆ ಹೋಯಿತು.

"ನನಗ ಏಳನೇ ವರ್ಷದಾಗ ಬಂದಿತ್ತು" ಎಂದರು. "ನಮ್ಮ ಮನ್ಯಾಗ ಇಬ್ಬರು ಹೋದ್ರು, ಅಣ್ಣ ಒಬ್ಬಾಂವ, ತಂಗಿ ಒಬ್ಬಾಕಿ. ನಾ ಉಳದೆ." ಆಮೇಲೆ ಕೇಳಿದರು. "ಊರಿಗೆ ಊರ ಹೋದ ಮ್ಯಾಲೆ ಅವರ ತಿಥಿ ಯಾರು ಮಾಡಿದ್ರು?"

ಅದು ಪುಸ್ತಕದಲ್ಲಿ ಇರಲಿಲ್ಲ.

ಮಾವನವರ ತಿಥಿಗೆ ಇನ್ನು ಎರಡು ವಾರವಿತ್ತು. ಆ ಎರಡು ವಾರ ನಮ್ಮ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಅತ್ತೆ ಗೆಣಸು ಬೇಡವೆಂದರು. ಸರಿ, ಬೇಡ ಎಂದರೆ ಬೇಡ. ಆದರೆ ಹಾಗೆಂದ ಮೇಲೆ ಅವರು ಊಟವನ್ನೂ ಅರ್ಧಕ್ಕೆ ಬಿಡತೊಡಗಿದರು. ನನ್ನ ಗಂಡ ವೆಲ್ಲಿಂಗ್ಟನ್ನಿನ ರೈಲಿನಲ್ಲಿ ಕೂತೇ ಹುಬ್ಬಳ್ಳಿಯ ಆಚಾರ್ಯರಿಗೆ ಫೋನು ಮಾಡಿದರು. ಆಚಾರ್ಯರು ಗೆಣಸು ಧಾರಾಳವಾಗಿ ನಡೆಯುತ್ತದೆ ಎಂದರು. ನಾನು ಆ ಅಪ್ಪಣೆಯನ್ನು ಗೆದ್ದವಳಂತೆ ತಂದು ಒಪ್ಪಿಸಿದೆ. "ಅವರು ನಡೀತದ ಅಂತಾರ. ನನಗ ಈಗ ಗೊತ್ತಾಗ್ಯದಲ್ಲ" ಎಂದರು ಅತ್ತೆ. ಅವರ ಸಂಕಟ ಶಾಸ್ತ್ರದ್ದಲ್ಲ. ಗೆಣಸು ಇಟ್ಟರೆ ಹಿರಿಯರ ಎಲೆಯಲ್ಲಿ ಕಂಡವರ ಮನೆ ಕೊಳ್ಳೆ ಹೊಡೆದು ತಂದದ್ದನ್ನು ಇಟ್ಟಂತೆ. ಬಿಟ್ಟರೆ ಗಂಡನ ಎಲೆಯಲ್ಲಿ ಗಂಡನದ್ದೆಂಬುದು ಏನೂ ಉಳಿಯಲಿಲ್ಲ. ನಾನು ಮಾತ್ರ ಮೊದಲ ವಾರ ಇದನ್ನು ಬರಿಯ ಮಡಿಯ ಹಟ ಎಂದುಕೊಂಡು ಒಳಗೊಳಗೇ ಸಿಡಿಮಿಡಿಗೊಂಡಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಬೇಲಿಯ ಆಚೆ ಮೆರೆ ಆಂಟಿ ಇದ್ದರು. ಈ ದೇಶದ ಮೂಲನಿವಾಸಿಗಳಾದ ಮಾವೊರಿ ಜನದ ಹೆಂಗಸು, ವಯಸ್ಸಿನಲ್ಲಿ ಅತ್ತೆಗಿಂತ ಸ್ವಲ್ಪ ಚಿಕ್ಕವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ದಿನಕ್ಕೆ ಅರ್ಧ ಗಂಟೆ ಬೇಲಿಯ ಮೇಲೆ ಕೈಯಿಟ್ಟುಕೊಂಡು ಸೊಂಟನೋವು, ಹವೆ, ಮಕ್ಕಳ ವಿಷಯವನ್ನೆಲ್ಲ ಮಾತಾಡುತ್ತಿದ್ದರು. ಏನು ಮಾತಾಡಿದಿರಿ ಎಂದು ಕೇಳಿದರೆ ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು. ಪ್ರತಿ ವರ್ಷ ತಿಥಿಯ ಹೊತ್ತಿಗೆ ಮೆರೆ ಆಂಟಿ ಅಂಗಡಿಯಿಂದ ಒಳ್ಳೆಯ ಕೂಮರ ಆರಿಸಿ ತಂದು ಅತ್ತೆಯ ಕೈಗೆ ಕೊಡುವುದು ರೂಢಿಯಾಗಿತ್ತು. ಆ ವರ್ಷ ಅತ್ತೆ ಕೈ ಅಡ್ಡ ಆಡಿಸಿ ಬುಟ್ಟಿಯನ್ನು ಹಿಂದಕ್ಕೆ ಕಳಿಸಿದರು. ಮೆರೆ ಆಂಟಿಯ ಮುಖ ಸಣ್ಣದಾದದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಓಡಿ ಹೋಗಿ ಎಲ್ಲವನ್ನೂ ವಿವರಿಸಿದೆ. ಹಿರಿಯರ ಎಲೆ, ನೀಲಿ ಬಾಣ, ಹಡಗು, ಸಿಡುಬು. ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ಮೆರೆ ಆಂಟಿ ತಲೆಯಾಡಿಸುತ್ತ ಕೇಳಿದರು. ಹಡಗುಗಳ ವಿಷಯ ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ತಮ್ಮ ಮುತ್ತಜ್ಜಿಯ ಊರಿಗೂ ಬಂದಿದ್ದವು ಎಂದರು. ಆಮೇಲೆ ನಾಳೆ ಬರುತ್ತೇನೆ ಎಂದು ಒಳಗೆ ಹೋದರು.

ನಾಳೆ ಎಂದವರು ನಾಲ್ಕು ದಿನ ಬಿಟ್ಟು ಬಂದರು, ಕೈಯಲ್ಲೊಂದು ಸಣ್ಣ ಪೊಟ್ಟಣ. ಉತ್ತರದ ತುದಿಯಲ್ಲಿರುವ ತಂಗಿಯಿಂದ ತರಿಸಿದ್ದರು. ಒಳಗಿದ್ದವನ್ನು ಗೆಣಸು ಎನ್ನಲು ಮನಸ್ಸು ಬರಲಿಲ್ಲ. ಬೆರಳಿನಷ್ಟು ಸಪೂರ, ಬಿಳಿಚಿಕೊಂಡ ಸಿಪ್ಪೆ, ಅಲ್ಲಲ್ಲಿ ಸೊಟ್ಟ. ಅತ್ತೆಯನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಮೆರೆ ಆಂಟಿ ಹೇಳಿದರು. ಅಂಗಡಿಯ ದಪ್ಪ ಕೂಮರ ಆಮೇಲೆ ಹಡಗಿನಲ್ಲಿ ಬಂದ ತಳಿ. ಇದು ಹಾಗಲ್ಲ. ಇದು ತಮ್ಮ ಹಿರಿಯರು ದೋಣಿಗಳಲ್ಲಿ ಈ ದೇಶಕ್ಕೆ ಬರುವಾಗ ಮಡಿಲಲ್ಲಿಟ್ಟುಕೊಂಡು ತಂದದ್ದು, ಯುರೋಪಿನ ಒಂದು ಹಡಗೂ ಈ ಸಮುದ್ರ ಕಾಣುವುದಕ್ಕೆ ಮೊದಲು. ಅದಕ್ಕೂ ಹಿಂದಿನವರು ಸಮುದ್ರ ದಾಟಿ ಆ ಅಮೆರಿಕಾ ಖಂಡದ ದಂಡೆಗೆ ಹೋಗಿದ್ದರಂತೆ. "ನಮ್ಮವರೂ ಅಲ್ಲಿಗೆ ಹೋದರು" ಎಂದರು ಮೆರೆ ಆಂಟಿ. "ಕೂಮರ ತೆಗೆದುಕೊಂಡರು, ಮನೆಗೆ ಬಂದರು."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಒಂದು ಗೆಣಸನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಮಣ್ಣು ಸರಿಸಿ ನೋಡಿದರು. "ಕೇಳಿ ತಂದದ್ದು ಅನ್ನು. ಕಸಗೊಂಡು ಬಂದದ್ದಲ್ಲ." ಕೇಳಿ ತಂದರೋ, ಕೊಟ್ಟು ತಂದರೋ, ಹೇಗೆ ತಂದರೋ ಇವತ್ತು ಯಾರೂ ಹೇಳಲಾರರು. ನಾನು ಹಾಗೆಂದು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ನಿಂತಿದ್ದ ನನ್ನ ಗಂಡ ನನ್ನ ಕಾಲು ತುಳಿದರು. ನಮ್ಮ ಸಂಸಾರದಲ್ಲಿ ಅವರು ಸರಿಯಾದ ಹೊತ್ತಿಗೆ ಮಾಡಿದ ಕೆಲವೇ ಕೆಲಸಗಳಲ್ಲಿ ಅದೊಂದು. ಹೋದವರು ಅಲ್ಲೇ ಕೂತು ಊರನ್ನು ತಮ್ಮದೆನ್ನದೆ ತಿರುಗಿ ಬಂದರು, ಇಷ್ಟಂತೂ ನಿಜ. ಹಿರಿಯರ ಕೂಡ ಬಂದದ್ದು ಹಿರಿಯರಿಗೆ ನಡೆಯುತ್ತದೆ ಎಂದು ಅತ್ತೆ ತೀರ್ಮಾನಿಸಿದರು. ಅಂದು ರಾತ್ರಿಯ ಊಟಕ್ಕೆ ಮೂರು ರೊಟ್ಟಿ ತಿಂದರು.

ಆ ವರ್ಷದ ತಿಥಿ ನನಗೆ ಇನ್ನೊಂದು ಕಾರಣಕ್ಕೂ ನೆನಪಿದೆ. ನಮ್ಮಲ್ಲಿ ತಿಥಿ ಮಾಡಿಸುವುದು ಟ್ಯಾಬ್ಲೆಟ್ಟಿನ ಪರದೆಯ ಮೇಲೆ. ಇಲ್ಲಿ ಮಧ್ಯಾಹ್ನ, ಹುಬ್ಬಳ್ಳಿಯಲ್ಲಿ ಬೆಳ್ಳಂಬೆಳಗ್ಗೆ. ಆಚಾರ್ಯರ ಹಿಂದೆ ಅವರ ಮನೆಯವರು ರಂಗೋಲಿ ಹಾಕುವುದೂ ಕಾಣುತ್ತದೆ. ನನ್ನ ಗಂಡ ಮೂರು ತಲೆಮಾರಿಗೂ ಎಳ್ಳುನೀರು ಬಿಟ್ಟು ಏಳುವುದರಲ್ಲಿದ್ದರು. ಅತ್ತೆ ಪರದೆಯ ಮುಂದೆ ಬಂದು ಇನ್ನೂ ಒಂದು ಬೊಗಸೆ ಬಿಡಿಸಿರಿ ಎಂದರು. ಯಾರ ಹೆಸರಿಗೆ, ಗೋತ್ರ ಯಾವುದು ಎಂದು ಆಚಾರ್ಯರು ಕೇಳಿದರು.

"ಗೋತ್ರ ಗೊತ್ತಿಲ್ರಿ. ಹೆಸರೂ ಗೊತ್ತಿಲ್ಲ" ಎಂದರು ಅತ್ತೆ. "ಮೆಣಸಿನಕಾಯಿ ಬೆಳೀತಿದ್ರು ಅಂತ ಹೇಳ್ರಿ."

ಆಚಾರ್ಯರು ಗಾಬರಿಯಾಗುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಮತ್ತೆ ಪ್ರಶ್ನೆ ಕೇಳದೆ, ಹಿಂದೆ ಮುಂದೆ ಯಾರೂ ಇಲ್ಲದವರಿಗೆ ನೀರು ಬಿಡುವುದು ಕ್ರಮದಲ್ಲೇ ಇದೆ ಎಂದು ಹೇಳಿ ಮಂತ್ರ ಶುರುಮಾಡಿದರು. ಮಂತ್ರದ ನಡುವೆ ಮೆಣಸಿನಕಾಯಿ ಬರಲಿಲ್ಲ, ಆದರೆ ಅದು ಯಾರಿಗೆ ಹೋಗಬೇಕೋ ಅವರಿಗೇ ಹೋಯಿತೆಂದು ನಾನು ನಂಬಿದ್ದೇನೆ. ಪಿಂಡವನ್ನು ಹಿತ್ತಿಲಿನಲ್ಲಿಟ್ಟರೆ ಮುಟ್ಟಲು ಈ ಊರಿನಲ್ಲಿ ಕಾಗೆಯಿಲ್ಲ. ಕಪ್ಪಗಿರುವ ಒಂದು ಸಣ್ಣ ಹಕ್ಕಿ ಬಂದು ಕುಕ್ಕಿತು, ಬಣ್ಣ ಕಪ್ಪಿದ್ದರೆ ಸಾಕು ಎಂದು ಅತ್ತೆ ಒಪ್ಪಿಕೊಂಡರು. ಆ ಹಕ್ಕಿಯೂ ಇಂಗ್ಲಿಷರ ಹಡಗಿನಲ್ಲೇ ಇಲ್ಲಿಗೆ ಬಂದದ್ದು. ಅದನ್ನು ನಾನು ಅವರಿಗೆ ಕೊನೆಯವರೆಗೂ ಹೇಳಲಿಲ್ಲ.

ಮುಂದಿನ ವಸಂತಕ್ಕೆ ಆ ಬೆರಳು ಗೆಣಸು ನಮ್ಮ ಹಿತ್ತಿಲಿಗೂ ಬಂತು. ಬಚ್ಚಲು ರಿಪೇರಿ ಮಾಡಿಸಿದಾಗ ಕಿತ್ತುಹಾಕಿದ ಹಳೆಯ ಬಾತ್‌ಟಬ್ ಒಂದು ಹೊರಗೆ ಬಿದ್ದಿತ್ತು. ಅದನ್ನು ಮನೆಯ ಉತ್ತರದ ಗೋಡೆಗೆ ತಾಗಿಸಿ ಇಡಬೇಕೆಂದು ಮೆರೆ ಆಂಟಿ ತೋರಿಸಿದರು. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಕಾಯಿಸುತ್ತಾನೆಂದು ಅತ್ತೆಯನ್ನು ನಂಬಿಸಲು ಒಂದು ಇಡೀ ದಿನ ಹೋಯಿತು. ಮಣ್ಣು ನಾನು ಹದ ಮಾಡಿದೆ, ಕಲಿತ ವಿದ್ಯೆ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಹಟ್‌ನ ಗಾಳಿಗೆ ಗೆಣಸು ಬರುವುದು ಕಷ್ಟ. ಅತ್ತೆ ಹಳೆಯ ಕಿಟಕಿಯ ಗಾಜು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ, ಕೂಸಿನಂತೆ ನೋಡಿಕೊಂಡರು. ಬಚ್ಚಲ ಒಲೆಯ ಗೆಣಸು ಬಚ್ಚಲ ಟಬ್ಬಿನಲ್ಲಿ ಬೆಳೆಯಿತು.

ಎರಡು ವರ್ಷದ ಮೇಲೆ ಉತ್ತರದಲ್ಲಿ ದೊಡ್ಡ ನೆರೆ ಬಂದು ಮೆರೆ ಆಂಟಿಯ ತಂಗಿಯ ತೋಟ ಕೊಚ್ಚಿಹೋಯಿತು. ಬೀಜಕ್ಕೆ ಇಟ್ಟಿದ್ದ ಗೆಣಸೂ ಕೊಳೆಯಿತು. ತಲೆಮಾರುಗಳಿಂದ ಆ ಮನೆಯಲ್ಲಿ ತಪ್ಪದೆ ಬೆಳೆದುಕೊಂಡು ಬಂದದ್ದು ಅದು. ಮೆರೆ ಆಂಟಿ ಬೇಲಿಯ ಹತ್ತಿರ ಬಂದು ನಿಂತು ಟಬ್ಬಿನ ಕಡೆ ನೋಡಿದರು ಅಷ್ಟೆ. ಅತ್ತೆ ಸೀರೆ ಸಿಕ್ಕಿಸಿಕೊಂಡು ಬಗ್ಗಿ ಪೂರ್ತಿ ಟಬ್ ಅಗೆದರು. "ಎಲಿಗೆ ನಾಕು ಸಾಕು" ಎಂದು ನಾಲ್ಕನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಬೇಲಿಯ ಆಚೆ ದಾಟಿಸಿದರು. ಕನ್ನಡದಲ್ಲೇ ಹೇಳಿದರು, ಮೆರೆ ಆಂಟಿಗೆ ತಿಳಿಯಿತು. ನಮ್ಮ ಟಬ್ಬಿಗೆ ಬೇಕಾದ ಸಸಿ ವಸಂತದಲ್ಲಿ ಅಲ್ಲಿಂದ ತಿರುಗಿ ಬಂತು.

ಅತ್ತೆ ಹೋದದ್ದು ಒಂದು ಶರತ್ಕಾಲದಲ್ಲಿ, ಕಾಯಿಲೆ ಬಿದ್ದು ನರಳದೆ. ಅದೇ ಚಳಿಗಾಲದಲ್ಲಿ ಮೆರೆ ಆಂಟಿ ಮನೆ ಬಿಟ್ಟು ಉತ್ತರಕ್ಕೆ ತಂಗಿಯ ಜೊತೆ ಇರಲು ಹೋದರು. ನಾನು ಟಬ್ಬಿನ ಕಡೆ ನೋಡಲಿಲ್ಲ. ಕೆಲಸ ಬಹಳ ಇತ್ತು ಎಂದು ಹೇಳಿಕೊಳ್ಳುತ್ತೇನೆ, ನಿಜವಾಗಿ ಅದರ ಹತ್ತಿರ ಹೋಗಲು ಆಗುತ್ತಿರಲಿಲ್ಲ. ವಸಂತ ಬಂತು, ಹೋಯಿತು. ಟಬ್ಬಿನಲ್ಲಿ ಹುಲ್ಲು ಎದೆಮಟ್ಟ ಬೆಳೆದು ಪಕ್ಕದ ಮನೆಯ ಹೊಸ ಬೆಕ್ಕಿಗೆ ಅರಮನೆಯಾಯಿತು. ಮೊದಲ ವರ್ಷದ ತಿಥಿಯನ್ನು ಹುಬ್ಬಳ್ಳಿಗೇ ಹೋಗಿ ಮಾಡಿ ಬಂದೆವು, ಹಾಗಾಗಿ ನನ್ನ ತಪ್ಪು ನನಗೆ ಕಾಣಲಿಲ್ಲ. ಕಂಡದ್ದು ಹೋದ ಶನಿವಾರ, ಸೂಪರ್‌ಮಾರ್ಕೆಟ್ಟಿನಲ್ಲಿ.

ಆ ದಪ್ಪ ಗೆಣಸನ್ನು ಅದರ ಜಾಗದಲ್ಲಿಟ್ಟು ಬಾಳೆಕಾಯಿ ಮಾತ್ರ ತಂದೆ. ಗೌರಿ ಈಗ ಕ್ರೈಸ್ಟ್‌ಚರ್ಚಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಸಂಜೆ ಅವಳಿಗೆ ಫೋನು ಮಾಡಿ, ಅಜ್ಜಿಯ ಗೆಣಸನ್ನು ನಾನು ಕೈಯಾರೆ ಹಾಳುಮಾಡಿದೆ, ಅವರ ಎಲೆಗೆ ಈಗ ಏನು ಹಾಕಲಿ ಎಂದು ಹಲುಬಿದೆ. ಅವಳು ಇಂಗ್ಲಿಷಿನಲ್ಲಿ ಹೂಂ ಹೂಂ ಎಂದು ಫೋನು ಇಟ್ಟಳು. ಈ ಕಾಲದ ಮಕ್ಕಳಿಗೆ ಇದೆಲ್ಲ ಎಲ್ಲಿ ತಾಗುತ್ತದೆ ಎಂದು ನಾನು ಗಂಡನ ಮುಂದೆ ಅರ್ಧ ಗಂಟೆ ಉಪನ್ಯಾಸ ಮಾಡಿದೆ.

ಮಂಗಳವಾರ ಕೊರಿಯರಿನವನು ಒಂದು ರಟ್ಟಿನ ಡಬ್ಬ ತಂದುಕೊಟ್ಟ. ಮೇಲೆ ಮೆರೆ ಆಂಟಿಯ ಅಕ್ಷರ. ಗೌರಿ ನನ್ನ ಫೋನು ಇಟ್ಟ ತಕ್ಷಣ ಅವರಿಗೆ ಮಾಡಿದ್ದಳು. ಒಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಬೆರಳು ಗೆಣಸು, ಸೊಟ್ಟವು, ಬಿಳಿಚಿದವು, ಮಣ್ಣು ಮೆತ್ತಿದವು. ಒಂದು ಚೀಟಿ. ಇವು ನಿನ್ನ ಅತ್ತೆಯ ಟಬ್ಬಿನಿಂದ ಬಂದವುಗಳ ಮೊಮ್ಮಕ್ಕಳು, ಅವರು ಕೊಡದೆ ಇದ್ದಿದ್ದರೆ ನಮ್ಮಲ್ಲಿ ಇವತ್ತು ಒಂದೂ ಇರುತ್ತಿರಲಿಲ್ಲ ಎಂದು ಬರೆದಿದ್ದರು. ಕೆಳಗೆ, ನಾಲ್ಕಕ್ಕಿಂತ ಸ್ವಲ್ಪ ಹೆಚ್ಚೇ ಕಳಿಸಿದ್ದೇನೆ, ಎಂದಿತ್ತು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಬಹಳ ದಿನದ ಮೇಲೆ ಹಗುರಾಗುವ ಹಾಗೆ ಅತ್ತುಬಿಟ್ಟೆ.

ಬುಧವಾರ ಅಡುಗೆ ಮಾಡುವಾಗ ಒಂದು ವಿಷಯ ಹೊಳೆದು ನಗು ಬಂತು. ತಾಯಿಯ ತಿಥಿಗೆ ಪಂಕ್ತಿಯಲ್ಲಿ ಕೂರುವವರು ಅತ್ತೆ, ಅವರ ಅತ್ತೆ, ಅವರ ಅತ್ತೆಯ ಅತ್ತೆ. ಇಬ್ಬರು ಅತ್ತೆಯರ ಪಕ್ಕದಲ್ಲಿ ಕೂತು ಇವರು ರಂಜಕ ಕೇಳುವುದುಂಟೇ? ಮುಂದೊಂದು ದಿನ ಆ ಸಾಲಿನಲ್ಲಿ ನಾನೂ ಕೂರುತ್ತೇನೆ. ಪಕ್ಕದಲ್ಲಿ ಅತ್ತೆ ಇರುತ್ತಾರೆ. ಆಗ ಗೆಣಸು ಬಂದರೆ ಇಬ್ಬರಿಗೂ ಗುರುತು ಹತ್ತುತ್ತದೆ. ಅತ್ತೆಗೆ ಗೆಣಸು ನಿಜವಾಗಿ ಇಷ್ಟವಿತ್ತೋ, ಗಂಡ ಸುಲಿದು ಕೊಡುತ್ತಿದ್ದರೆಂದು ಇಷ್ಟವಾಯಿತೋ, ನಾನು ಕೇಳಿರಲಿಲ್ಲ. ಎರಡು ಸಲ ಬಡಿಸಿದೆ.

ಪರದೆಯ ಮೇಲೆ ಆಚಾರ್ಯರಿಗೆ ವಯಸ್ಸಾಗಿದೆ. ನನ್ನ ಗಂಡ ಮೂವರ ಹೆಸರಿಗೂ ಎಳ್ಳುನೀರು ಬಿಟ್ಟರು. ತಾಯಿಯ ಹೆಸರು ಹೇಳಿ, ಕಣ್ಣೊರೆಸಿಕೊಂಡು ಏಳಲು ಹೋದರು. ನನಗೂ ಏನೂ ನೆನಪಾಗಲಿಲ್ಲ, ಎಲೆಯ ಮೇಲೆ ಉಪ್ಪು ಹೆಚ್ಚಾಯಿತೇ ಎಂದು ಯೋಚಿಸುತ್ತಿದ್ದೆ. ಆಗ ಗೌರಿ ತಂದೆಯ ಭುಜದ ಮೇಲೆ ಕೈಯಿಟ್ಟಳು. ಅವಳು ಹಿಂದಿನ ಸಂಜೆ ವಿಮಾನದಲ್ಲಿ ಬಂದಿದ್ದಳು. ಈ ಮನೆಯಲ್ಲಿ ಹತ್ತೊಂಬತ್ತು ವರ್ಷ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ ಹುಡುಗಿ, ತನ್ನ ಅಜ್ಜಿಯದೇ ಕನ್ನಡದಲ್ಲಿ, ಒಂದೊಂದು ಶಬ್ದವನ್ನೂ ಹುಡುಕಿ ಹುಡುಕಿ ಹೇಳಿದಳು.

"ಅಪ್ಪಾ, ಇನ್ನೂ ಒಂದು ಅದ. ಮೆಣಸಿನಕಾಯಿ ಬೆಳೀತಿದ್ರಲ್ಲ, ಅವರಿಗೆ."

ಆಚಾರ್ಯರು ಈ ಸಲ ಗೋತ್ರ ಕೇಳಲಿಲ್ಲ.

ಇದು ನಿನ್ನೆಯ ಮಾತು. ಇವತ್ತು ಬೆಳಿಗ್ಗೆ ಗೌರಿ ಮತ್ತು ನಾನು ಟಬ್ಬಿನ ಹುಲ್ಲನ್ನೆಲ್ಲ ಕಿತ್ತೆವು, ಬೆಕ್ಕು ಗೋಡೆಯ ಮೇಲೆ ಕೂತು ಸಿಟ್ಟಿನಿಂದ ನೋಡಿತು. ಐದು ಗೆಣಸನ್ನು ಪೇಪರಿನಲ್ಲಿ ಸುತ್ತಿ ಬಿಸಿನೀರಿನ ಟ್ಯಾಂಕಿರುವ ಕಪಾಟಿನಲ್ಲಿ ಇಟ್ಟಿದ್ದೇನೆ, ವಸಂತಕ್ಕೆ ಮೊಳಕೆ ಬರಬೇಕು. ಈಗ ಒಲೆಯ ಮೇಲೆ ಜೋಳದ ರೊಟ್ಟಿ ಬೇಯುತ್ತಿದೆ. ಗೌರಿ ಮೂಗು ಮುಚ್ಚಿಕೊಂಡು ರಂಜಕ ರುಬ್ಬುತ್ತಿದ್ದಾಳೆ, ಖಾರ ಸಾಲದೆಂದು ಇನ್ನೆರಡು ಹಾಕಿದ್ದೇನೆ. ನಿನ್ನೆ ಹಿರಿಯರದಾಯಿತು. ಇವತ್ತು ಅತ್ತೆಯದು.